ಯುದ್ಧ ಬಿಟ್ಟು ಲೆಕ್ಕ ಹಿಡಿದೆ: ಬೋಸ್ನಿಯಾದ ಕೊಸಾಚಾ ಮನೆತನ, ನನ್ನ ಅನುಭವ

ಕೊಸಾಚಾ ಮನೆತನದ ಪುಸ್ತಿಕೆಯ ಕೆಲಸ ಕೊನೆಗೂ ದಡ ಸೇರಿತು. ಬೆಂಗಳೂರಲ್ಲಿ ಕೂತುಕೊಂಡು, ಆ ಭಾಷೆಯಲ್ಲಿ ಎರಡು ಮಾತಾಡಲೂ ಬಾರದೆ, ಹದಿನೈದನೇ ಶತಮಾನದ ಬೋಸ್ನಿಯಾದ ಸಾಮಂತನೊಬ್ಬನ ಮನೆಯ ಕಥೆ ಬರೆಯೋಕೆ ಆಗುತ್ತಾ ಅಂತ ಕೇಳಿದವರೇ ಜಾಸ್ತಿ. ಶಾಸನ ಓದುವ ಗೆಳೆಯರು 'ಮೂಲ ಮುಟ್ಟದೆ ಬರೀಬೇಡಿ ಸಾರ್' ಅಂದರು. ಒಬ್ಬ ಪ್ರಕಾಶಕರು ಎರಡು ಪುಟ ತಿರುವಿ 'ಇದನ್ನ ಯಾರು ಓದ್ತಾರೆ' ಅಂತ ವಾಪಸ್ ಕೊಟ್ಟರು. ಕೊನೆಗೆ ನಾನೇ ಅಚ್ಚು ಹಾಕಿಸಿದೆ. ಮುನ್ನೂರು ಪ್ರತಿಯಲ್ಲಿ ಉಳಿದಿರುವುದು ಒಂದು ಕಟ್ಟು ಅಷ್ಟೇ. ಹಾಕಿದ ದುಡ್ಡಲ್ಲಿ ಅಚ್ಚಿನ ಖರ್ಚು ಪೂರ್ತಿ ಬಂದಿದೆ.

ಮನೆತನದ ಚರಿತ್ರೆ, ವಂಶಾವಳಿ ಮಾಡುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಸ್ಪ್ರೆಡ್‌ಶೀಟ್, ಓಸಿಆರ್ (ಸ್ಕ್ಯಾನ್ ಪುಟದ ಅಕ್ಷರ ಓದುವ ತಂತ್ರಾಂಶ), ಹಳೇ ಪಂಚಾಂಗದ ತಾರೀಖಿನ ಗೋಳು ಇವೆಲ್ಲ ನಿಮಗೆ ಗೊತ್ತಿರುವುದೇ.

ಮನೆತನದ ಪರಿಚಯ ಚುಟುಕಾಗಿ. ವ್ಲಾಟ್ಕೊ ವುಕೊವಿಚ್ 1389ರ ಕೊಸೊವೊ ಯುದ್ಧಕ್ಕೆ ಬೋಸ್ನಿಯಾದ ಸೈನ್ಯ ನಡೆಸಿಕೊಂಡು ಹೋದವನು. ಅವನು 1392ರಲ್ಲಿ ಸತ್ತಾಗ ಸೋದರನ ಮಗ ಸಾಂದಲ್ ಹ್ರಾನಿಚ್ ಯಜಮಾನನಾದ. ಸಾಂದಲ್‌ಗೆ ಮಕ್ಕಳಿಲ್ಲ. 1435ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮನ ಮಗ ಸ್ಟೆಪಾನ್ ವುಕ್ಚಿಚ್ ಬಂದ. 1448ರಲ್ಲಿ 'ಹೆರ್ತ್ಸೆಗ್' (ಅಂದರೆ ಡ್ಯೂಕ್) ಅಂತ ಬಿರುದು ಇಟ್ಟುಕೊಂಡ. ಇವತ್ತಿನ ಹೆರ್ಜೆಗೋವಿನಾ ಅನ್ನೋ ಹೆಸರು ಅವನಿಂದಲೇ ಬಂದದ್ದು. 1466ರ ಮೇ 22ರಂದು ಕಡಲ ದಡದ ನೋವಿ ಪಟ್ಟಣದಲ್ಲಿ ಸತ್ತ.

ಶುರುವಿಗೆ ಎಲ್ಲರ ಹಾಗೆ ಯುದ್ಧಗಳ ಪಟ್ಟಿ ಮಾಡಿಕೊಂಡು ಹೊರಟೆ. ಒಂದು ವರ್ಷದ ಮೇಲೆ ಹೋಯಿತು, ಏನೂ ಕೂಡಿ ಬರಲಿಲ್ಲ. ಯಾರು ಯಾವ ಕೋಟೆಗೆ ಮುತ್ತಿಗೆ ಹಾಕಿದರು ಅನ್ನೋದು ಸಿಗುತ್ತೆ. ಆದರೆ ಮನೆಯೊಳಗೆ ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಹೆಂಡತಿಯ ಆಸ್ತಿ ಏನಾಯಿತು, ಮಕ್ಕಳು ಎಲ್ಲಿ ಹೋದರು, ಇದು ಸಿಗಲ್ಲ. 1601ರಲ್ಲಿ ಅಚ್ಚಾದ, ಓರ್ಬಿನಿ ಅನ್ನೋ ಸನ್ಯಾಸಿಯ ಚರಿತ್ರೆ ಓದಲು ರಸವತ್ತಾಗಿದೆ, ನಿಜ. ಆದರೆ ಅವನು ಬರೆಯುವ ಹೊತ್ತಿಗೆ ಹೆರ್ತ್ಸೆಗ್ ಸತ್ತು ನೂರು ವರ್ಷ ದಾಟಿತ್ತು.

ದುಡ್ಡೂ ಅಲ್ಲೇ ಸುರಿದದ್ದು. ಝಾಗ್ರೆಬ್, ಸರಾಯೆವೊದಿಂದ ಹಳೇ ಪುಸ್ತಕ ತರಿಸಿದೆ. ಪುಸ್ತಕದ ಬೆಲೆಗಿಂತ ಅಂಚೆ ಖರ್ಚು ಜಾಸ್ತಿ, ಅದರ ಮೇಲೆ ಸುಂಕ ಬೇರೆ. ಎಲ್ಲ ಸೇರಿ ಅರವತ್ತೋ ಎಪ್ಪತ್ತೋ ಸಾವಿರ ಆಗಿರಬೇಕು. ಆನ್‌ಲೈನ್‌ನಲ್ಲಿ ಒಬ್ಬ ಅನುವಾದಕರನ್ನು ಪುಟಕ್ಕಿಷ್ಟು ಅಂತ ಗೊತ್ತು ಮಾಡಿದೆ. ಅವರು ಪತ್ರದ ಸಾರಾಂಶ ಕಳಿಸಿದರು. ಸಾಕ್ಷಿಗಳ ಹೆಸರು, ಮೊತ್ತ, ಊರು ಮೂರೂ ಹಾರಿಸಿದ್ದರು. ನನಗೆ ಬೇಕಾಗಿದ್ದುದೇ ಆ ಮೂರು. ಹದಿನೆಂಟು ಸಾವಿರ ಅಲ್ಲಿಗೆ ಹೋಯಿತು. ಓಸಿಆರ್ ಕೂಡ ಕೈಕೊಟ್ಟಿತು. ಹಳೇ ಸಿರಿಲಿಕ್ ಅಚ್ಚಿನ ಅಕ್ಷರಗಳು ಅದರ ಬಾಯಿಗೆ ಬೀಳುವುದೇ ಇಲ್ಲ.

ನಾನು ಬ್ಯಾಂಕಿನಲ್ಲಿ ಆಡಿಟ್ ಮಾಡಿಕೊಂಡು ಇದ್ದವನು. ಒಂದು ಮನೆಯ ಹತ್ತು ವರ್ಷದ ಪಾಸ್‌ಬುಕ್ ಕೊಟ್ಟರೆ ಆ ಮನೆಯಲ್ಲಿ ಮದುವೆ ಯಾವಾಗ, ಜಗಳ ಯಾವಾಗ, ಸಾವು ಯಾವಾಗ ಅಂತ ಹೇಳಬಲ್ಲೆ. ಹಾಗಾದರೆ ಕೊಸಾಚಾಗಳ ಬ್ಯಾಂಕ್ ಯಾವುದು? ದುಬ್ರೊವ್ನಿಕ್. ಆ ಪುಟ್ಟ ವ್ಯಾಪಾರಿ ಗಣರಾಜ್ಯ ಇವರಿಗೆ ವರ್ಷ ವರ್ಷ ಕಪ್ಪ ಕೊಡುತ್ತಿತ್ತು, ಇವರ ಚಿನ್ನ ಬೆಳ್ಳಿಯನ್ನು ಠೇವಣಿ ಇಟ್ಟುಕೊಳ್ಳುತ್ತಿತ್ತು, ಇವರಿಂದ ಭೂಮಿ ಕೊಳ್ಳುತ್ತಿತ್ತು. ಎಲ್ಲದಕ್ಕೂ ಬರಹ, ಎಲ್ಲದಕ್ಕೂ ರಸೀದಿ. ಆ ಕಡತಗಳು ಇವತ್ತಿಗೂ ಸ್ಪೊಂಜಾ ಅರಮನೆಯಲ್ಲಿವೆ. ಅದರಲ್ಲಿ ಒಂದು ಪಾಲು 1858ರಲ್ಲೇ ವಿಯೆನ್ನಾದಲ್ಲಿ ಮಿಕ್ಲೋಶಿಚ್ ಹೊರತಂದ ಸಂಗ್ರಹದಲ್ಲಿ ಅಚ್ಚಾಗಿದೆ. ಅದರ ಸ್ಕ್ಯಾನ್ ಪುಕ್ಕಟೆ ಸಿಗುತ್ತೆ. ಎಪ್ಪತ್ತು ಸಾವಿರ ಸುರಿಯುವ ಮುಂಚೆ ಇದನ್ನು ನೋಡಿ ಅಂತ ಹೊಸಬರಿಗೆ ಹೇಳುತ್ತೇನೆ.

ಈ ಕಾಗದಗಳಿಗೆ ಮಾಡಿಕೊಂಡ ಸ್ಪ್ರೆಡ್‌ಶೀಟ್ ಹಾಳೆ ಹೀಗಿತ್ತು. ಒಂದು ಕಾಗದಕ್ಕೆ ಒಂದೇ ಸಾಲು. ತಾರೀಖು, ಕೊಟ್ಟವರು, ಪಡೆದವರು, ಮೊತ್ತ, ಸಾಕ್ಷಿ, ಎಲ್ಲಿ ಕೂತು ಬರೆದದ್ದು. ಯುದ್ಧಕ್ಕೆ ಕಾಲಂ ಇಡಲೇ ಇಲ್ಲ. 1419ರಲ್ಲಿ ಸಾಂದಲ್ ದುಬ್ರೊವ್ನಿಕ್ ಪಕ್ಕದ ಕೊನಾವ್ಲೆ ಸೀಮೆಯ ತನ್ನ ಅರ್ಧ ಪಾಲನ್ನು ದುಬ್ರೊವ್ನಿಕ್‌ಗೆ ಮಾರಿದ್ದು ಒಂದು ಸಾಲು. ಉಳಿದರ್ಧವನ್ನು 1426ರಲ್ಲಿ ಇನ್ನೊಬ್ಬ ಸಾಮಂತ ರಾಡೊಸ್ಲಾವ್ ಪಾವ್ಲೋವಿಚ್ ಮಾರಿದ್ದು ಇನ್ನೊಂದು ಸಾಲು. ಮೊತ್ತ ಹಾಕುವಾಗ ಒಂದು ಎಚ್ಚರ. ಪೆರ್ಪೆರ್ ಅನ್ನೋದು ಕೈಗೆ ಸಿಗುವ ನಾಣ್ಯವಲ್ಲ, ಲೆಕ್ಕದ ಹಣ. ಹನ್ನೆರಡು ಬೆಳ್ಳಿ ದಿನಾರ ಸೇರಿದರೆ ಒಂದು ಪೆರ್ಪೆರ್. ಡುಕಾಟ್ ಚಿನ್ನ. ಮೂರನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಹಾಳೆ ಕೆಟ್ಟಿತು ಅಂತಲೇ ಲೆಕ್ಕ.

ದೊಡ್ಡ ತಲೆನೋವು ಹೆಸರುಗಳದ್ದು. ಸಾಂದಲ್‌ನ ಕೊನೆಯ ಹೆಂಡತಿ ಯೆಲೆನಾ, ಸರ್ಬಿಯಾದ ಲಾಜಾರ್ ದೊರೆಯ ಮಗಳು. ಮೊದಲ ಗಂಡ ಬಾಲ್ಷಿಚ್ ಮನೆಯವನು, ಆ ಕಡೆಯ ಮಗ ಮೂರನೇ ಬಾಲ್ಷಾ. ಈ ಬಾಲ್ಷಾನ ಮಗಳೂ ಯೆಲೆನಾ. ಅವಳನ್ನು 1424ರಲ್ಲಿ ಸಾಂದಲ್‌ನ ತಮ್ಮನ ಮಗ ಸ್ಟೆಪಾನ್‌ಗೆ ಕೊಟ್ಟರು. ಅಂದರೆ ದೊಡ್ಡಪ್ಪನ ಹೆಂಡತಿಯ ಮೊಮ್ಮಗಳು ಇವನ ಹೆಂಡತಿ. ಮನೆ ಒಂದೇ, ಯೆಲೆನಾ ಇಬ್ಬರು. ಕಟರೀನಾ ಮೂವರು: ಸಾಂದಲ್ ಬಿಟ್ಟ ಹೆಂಡತಿ, ಹೆರ್ತ್ಸೆಗ್‌ನ ಮಗಳು, ಆ ಮಗಳ ಮಗಳು. ಸ್ಟೆಪಾನ್‌ಗಳನ್ನಂತೂ ಕೇಳಬೇಡಿ. ಮಾವನೂ ಸ್ಟೆಪಾನ್, ಅಳಿಯ ರಾಜನೂ ಸ್ಟೆಪಾನ್ ತೊಮಾಶ್, ಕೊನೆಯ ಮಗನೂ ಸ್ಟೆಪಾನ್. ಹೆಸರು ಬಿಟ್ಟು ಎಲ್ಲರಿಗೂ ನಂಬರ್ ಕೊಟ್ಟೆ, ಗ್ರಾಹಕರ ಐಡಿ ಇದ್ದ ಹಾಗೆ. ಆವತ್ತಿನಿಂದ ಹಾಳೆ ಮಾತಾಡಲು ಶುರು ಮಾಡಿತು.

ಮೊದಲ ಗೆಲುವು ಹಿರಿಯ ಯೆಲೆನಾಳಿಂದ ಬಂತು. 1435ರ ನಂತರ ಮನೆಯ ಹಣ ನನ್ನ ಹಾಳೆಯಲ್ಲಿ ಎರಡು ಕೈಯಾಗಿ ಒಡೆದಿತ್ತು. ವಿಧವೆಗೆ ತನ್ನದೇ ಆಸ್ತಿ ಇರಬೇಕು, ಇದ್ದರೆ ಉಯಿಲೂ ಇರಲೇಬೇಕು ಅಂತ ಹಟ ಹಿಡಿದು ಹುಡುಕಿದೆ. ಸಿಕ್ಕಿತು. 1442ರ ನವೆಂಬರ್ ತಿಂಗಳದ್ದು. ಸ್ಕಾಡರ್ ಸರೋವರದ ಬೆಷ್ಕಾ ದ್ವೀಪದಲ್ಲಿ ತಾನು ಕಟ್ಟಿಸಿದ ಚರ್ಚಿನಲ್ಲೇ ಮಣ್ಣು ಮಾಡಬೇಕು ಅಂತ ಬರೆಸಿದ್ದಾಳೆ. ಮರು ವರ್ಷ ತೀರಿಕೊಂಡಳು, ಅಲ್ಲೇ ಇದ್ದಾಳೆ. ನಿಕೋನ್ ಅನ್ನೋ ಸನ್ಯಾಸಿಯ ಜೊತೆ ಧರ್ಮದ ವಿಚಾರವಾಗಿ ಪತ್ರ ಬರೆಯುತ್ತಿದ್ದ ಹೆಂಗಸು ಅವಳು. ಖಾಲಿ ಜಾಗ ನೋಡಿ ಕಾಗದ ಇದೆ ಅಂತ ಹೇಳಿ, ಅದು ನಿಜವಾಗಿ ಸಿಕ್ಕಿದಾಗ, 'ಮೂಲ ಮುಟ್ಟದೆ' ಅಂದಿದ್ದ ಗೆಳೆಯರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೇಳಿದೆ.

ಎರಡನೆಯದು 1451ರ ಜಗಳ. ಇದರ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಸಿಯೆನಾದಿಂದ ಬಂದ ಒಬ್ಬ ಚೆಲುವೆ ಹಿರಿಯ ಮಗ ವ್ಲಾದಿಸ್ಲಾವ್‌ಗೆ ಅಂತ ಬಂದಳು, ಅಪ್ಪ ತಾನೇ ಇಟ್ಟುಕೊಂಡ, ತಾಯಿಯೂ ಮಗನೂ ತಿರುಗಿಬಿದ್ದರು. ಸುಳ್ಳು ಅಂತ ನಾನು ಹೇಳಲ್ಲ. ಆದರೆ ನನ್ನ ಹಾಳೆಯಲ್ಲಿ ಆ ಹೆಣ್ಣಿಗಿಂತ ಮುಂಚೆ ಉಪ್ಪು ಇದೆ. ದುಬ್ರೊವ್ನಿಕ್‌ನ ಹೊಟ್ಟೆ ತುಂಬಿಸುತ್ತಿದ್ದುದರಲ್ಲಿ ಉಪ್ಪಿನ ಮಾರಾಟ ದೊಡ್ಡದು. ಹೆರ್ತ್ಸೆಗ್ ತನ್ನ ನೋವಿಯಲ್ಲೇ ಉಪ್ಪಿನ ವ್ಯಾಪಾರ ಶುರು ಮಾಡಿದ, ಬಟ್ಟೆ ನೇಯಿಸಲೂ ಕೈ ಹಾಕಿದ. ದೂರುಗಳು ಅಲ್ಲಿಂದ ಸಾಲು ಸಾಲಾಗಿ ಬರುತ್ತವೆ. 1451ರಲ್ಲಿ ಅವನು ಕೊನಾವ್ಲೆ ಮೇಲೆ ಬಿದ್ದ. ದುಬ್ರೊವ್ನಿಕ್ ಅವನನ್ನು ಕೊಂದವರಿಗೆ 15,000 ಡುಕಾಟ್ ಕೊಡುತ್ತೇವೆ ಅಂತ ಸಾರಿತು. 1452ರಲ್ಲಿ ಮಗ ಬಹಿರಂಗವಾಗಿ ತಿರುಗಿಬಿದ್ದ. ಮಗನ ಬೆನ್ನಿಗೆ ನಿಂತದ್ದು ಯಾರು? ಅದೇ ದುಬ್ರೊವ್ನಿಕ್. 1453ರ ಜುಲೈನಲ್ಲಿ ಅಪ್ಪ ಮಗ ರಾಜಿಯಾದರು, ಆ ವರ್ಷವೇ ತಾಯಿ ಯೆಲೆನಾ ತೀರಿಕೊಂಡಳು. ಮನೆಯ ಜಗಳಕ್ಕೆ ಹೊರಗಿನವರು ಬಂಡವಾಳ ಹಾಕಿದ್ದರು ಅಲ್ವಾ? ತಾರೀಖು ಪ್ರಕಾರ ಜೋಡಿಸಿದರೆ ಇದು ಕಣ್ಣಿಗೆ ಹೊಡೆಯುತ್ತೆ.

ಶುರುವಿನಲ್ಲಿ ಧರ್ಮಕ್ಕೂ ಒಂದು ಕಾಲಂ ಇಟ್ಟಿದ್ದೆ. ತೆಗೆದು ಹಾಕಿದೆ. ಹೆರ್ತ್ಸೆಗ್‌ನ ದೂತ ರಾದಿನ್, ಕ್ಯಾಥೊಲಿಕ್ ಆರ್ಥೊಡಾಕ್ಸ್ ಎರಡೂ ಅಲ್ಲದ ಬೋಸ್ನಿಯಾ ಚರ್ಚಿನ ಹಿರಿಯ. ಹೆರ್ತ್ಸೆಗ್ ಉಯಿಲು ಬರೆಸುವ ಹೊತ್ತಿಗೆ ಪಕ್ಕದಲ್ಲಿದ್ದ ಡೇವಿಡ್ ಆರ್ಥೊಡಾಕ್ಸ್ ಧರ್ಮಗುರು. ಮಗಳು ಕ್ಯಾಥೊಲಿಕ್ ರಾಣಿ. ಕಿರಿಮಗ ಮುಸ್ಲಿಮನಾದ. ಒಂದು ಮನೆಯನ್ನು ಒಂದು ಚೌಕದೊಳಗೆ ತುರುಕಿದರೆ ಮನೆಗೆ ಅನ್ಯಾಯ. ಇದೇ ರಾದಿನ್ 1466ರ ಜನವರಿಯಲ್ಲಿ ಬರೆಸಿದ ಉಯಿಲಿನಲ್ಲಿ ಐದು ಸಾವಿರಕ್ಕೂ ಜಾಸ್ತಿ ಡುಕಾಟ್ ಹಂಚಿದ್ದಾನೆ. ಧರ್ಮಗುರುವಿನ ಕೈಯಲ್ಲಿ ಇಷ್ಟು ಹಣ ಅಂದರೆ ಆ ಮನೆಯಲ್ಲಿ ಎಷ್ಟು ಓಡಾಡಿರಬೇಕು, ಯೋಚಿಸಿ.

ನಡುವೆ ದಾರಿ ತಪ್ಪಿದ್ದೂ ಉಂಟು. ಬೋಸ್ನಿಯಾದ ಸಿರಿಲಿಕ್ ಕಲಿಯಲು ದಿನಾ ರಾತ್ರಿ ಬಿದಿರ ಕಡ್ಡಿಯಲ್ಲಿ ತಿದ್ದಿದೆ. ಓದುವ ವೇಗಕ್ಕೆ ಅದು ತುಂಬಾ ಸಹಾಯವಾಯಿತು. ಕೈ ಒಮ್ಮೆ ಬರೆದ ಅಕ್ಷರವನ್ನು ಕಣ್ಣು ಬೇಗ ಹಿಡಿಯುತ್ತೆ. ಆಮೇಲೆ ತಡೆಯಲಾರದೆ ಒಮ್ಮೆ ಹೋಗಿಯೂ ಬಂದೆ. ಎರಡು ಲಕ್ಷದ ಆಸುಪಾಸು ಆಯಿತು, ಮನೆಯಲ್ಲಿ ಸ್ವಲ್ಪ ಮಾತು ಬಂತು. ಬ್ಲಾಗಾಯ್‌ನಲ್ಲಿ ಬೂನಾ ನದಿ ಬಂಡೆಯ ಬುಡದಿಂದ ಹುಟ್ಟಿ ಬರುತ್ತೆ, ಮೇಲೆ ತುದಿಯಲ್ಲಿ ಇವರ ಕೋಟೆ. ಹತ್ತಿ ನಿಂತರೆ ಮೊಸ್ಟಾರ್ ಬಯಲು ಪೂರ್ತಿ ಕಾಣುತ್ತೆ. ಸ್ಟೊಲಾಟ್ಸ್ ಹತ್ತಿರದ ರಾಡಿಮ್ಲ್ಯಾದಲ್ಲಿ ನೂರಮೂವತ್ತಕ್ಕೂ ಮೇಲೆ ಸಮಾಧಿ ಕಲ್ಲುಗಳಿವೆ. ಒಂದು ಕಲ್ಲಿನ ಮೇಲೆ ಬಲಗೈ ಎತ್ತಿ ನಿಂತ ಗಂಡಸು, ಅಂಗೈ ಮೈಗಿಂತ ದೊಡ್ಡದೇನೋ ಅನ್ನಿಸುವಷ್ಟು ಅಗಲ. ಅವು ಕೊಸಾಚಾಗಳವಲ್ಲ, ಮಿಲೊರಾಡೊವಿಚ್ ಮನೆಯವರವು. ಪುಸ್ತಿಕೆಗೆ ಒಂದು ಸಾಲೂ ಸಿಗಲಿಲ್ಲ, ಆದರೂ ಅರ್ಧ ದಿನ ಅಲ್ಲೇ ಸುಮ್ನೆ ಓಡಾಡಿದೆ.

ಹೆರ್ತ್ಸೆಗ್ ಸತ್ತ ಮೇಲಿನ ಭಾಗವೇ ನನಗೆ ಅತಿ ಇಷ್ಟ. ಬೇರೆಯವರ ಬರಹ ಹೆಚ್ಚಾಗಿ 1466ಕ್ಕೆ ನಿಲ್ಲುತ್ತೆ. ಆದರೆ ಠೇವಣಿ ಸಾಯಲ್ಲ. ಅವನ ಮಗಳು ಕಟರೀನಾಳನ್ನು 1446ರಲ್ಲಿ ಬೋಸ್ನಿಯಾದ ರಾಜ ತೊಮಾಶ್‌ಗೆ ಕೊಟ್ಟಿದ್ದರು. 1463ರಲ್ಲಿ ತುರ್ಕರು ಬಂದಾಗ ಅವಳು ಪಾರಾದಳು. ಮಗ ಸಿಗಿಸ್ಮಂಡ್, ಮಗಳು ಕಟರೀನಾ ಇಬ್ಬರೂ ತುರ್ಕರ ಕೈಸೇರಿದರು. ರೋಮ್‌ನಲ್ಲಿ ಪೋಪ್ ಕೊಡುತ್ತಿದ್ದ ತಿಂಗಳಿಗೆ ನೂರು ಡುಕಾಟ್‌ನಲ್ಲಿ ಅವಳ ಸಂಸಾರ. 1478ರ ಅಕ್ಟೋಬರ್ 20ರ ಉಯಿಲಿನಲ್ಲಿ, ಮಕ್ಕಳು ಕ್ರೈಸ್ತ ಧರ್ಮಕ್ಕೆ ಮರಳದಿದ್ದರೆ ರಾಜ್ಯ ಪೋಪ್‌ಗೆ ಅಂತ ಬರೆಸಿದಳು. ಐದು ದಿನಕ್ಕೆ ತೀರಿಕೊಂಡಳು. ಅರಾಚೆಲಿ ಚರ್ಚಿನಲ್ಲಿ ಸಮಾಧಿ ಇದೆ. ಮಗ ಇಶಾಕ್ ಬೇ ಆಗಿ ಕರಾಸಿ ಸೀಮೆಯ ಅಧಿಕಾರಿಯಾದ.

ಹೆರ್ತ್ಸೆಗ್‌ನ ಕಿರಿಮಗ ಸ್ಟೆಪಾನ್ ಇಸ್ತಾಂಬುಲ್‌ಗೆ ಹೋಗಿ ಅಹ್ಮದ್ ಆದ. ಎರಡನೇ ಬಾಯಜೀದ್ ಸುಲ್ತಾನನ ಅಳಿಯನಾದ. 1497ರಿಂದ ಐದು ಸಲ ಮಹಾ ವಜೀರನಾದ. 1517ರಲ್ಲಿ ಸತ್ತ. ಇಷ್ಟೆಲ್ಲ ಆದವನು ದುಬ್ರೊವ್ನಿಕ್‌ಗೆ ಕೇಳಿದ್ದೇನು ಗೊತ್ತಾ? ಅಪ್ಪ ನಿಮ್ಮಲ್ಲಿ ಇಟ್ಟ ಠೇವಣಿಯಲ್ಲಿ ನನ್ನ ಪಾಲು ಕೊಡಿ ಅಂತ. ಅದೇ ಖಾತೆ, ಅದೇ ಪಟ್ಟಣ, ಹಕ್ಕುದಾರ ಮಾತ್ರ ಈಗ ಪಾಷಾ. ಈ ಸಾಲು ಹಾಳೆಗೆ ಬಿದ್ದ ದಿನ ಪುಸ್ತಿಕೆ ನಿಲ್ಲುತ್ತೆ ಅಂತ ಧೈರ್ಯ ಬಂತು.

ಎರಡು ಉಪಾಯ ಇಲ್ಲಿ ಹೇಳುತ್ತಿಲ್ಲ. ಲ್ಯಾಟಿನ್ ಗುಮಾಸ್ತ ಒಂದೇ ಹೆಸರನ್ನು ಹತ್ತು ತರ ಬರೆಯುತ್ತಾನೆ. ಆ ಹತ್ತನ್ನೂ ಒಂದೇ ಹುಡುಕಾಟದಲ್ಲಿ ಹಿಡಿಯುವ ಪಟ್ಟಿ ನನ್ನದೇ, ಅದನ್ನು ಮಾಡಲು ಒಂದು ಮಳೆಗಾಲ ಹೋಗಿದೆ. ಸಾಕ್ಷಿಗಳ ಕಾಲಂನಿಂದ ತಾರೀಖಿಲ್ಲದ ಕಾಗದಕ್ಕೆ ತಾರೀಖು ಹಾಕುವುದು ಇನ್ನೊಂದು. ಮುಂದಿನ ಕೆಲಸ ಮುಗಿಯುವವರೆಗೆ ಎರಡೂ ನನ್ನ ಹತ್ತಿರವೇ ಇರಲಿ. ಆ ಕೆಲಸ ಪಾವ್ಲೋವಿಚ್ ಮನೆಯದ್ದು. 1415ರಲ್ಲಿ ಆ ಮನೆಯ ಯಜಮಾನ ಪಾವ್ಲೆಯ ಕೊಲೆಯ ಸಂಚಿನಲ್ಲಿ ಸಾಂದಲ್ ಇದ್ದ. ಹನ್ನೊಂದು ವರ್ಷಕ್ಕೆ ಮಗ ರಾಡೊಸ್ಲಾವ್ ಕೂಡ ಅದೇ ದುಬ್ರೊವ್ನಿಕ್‌ಗೆ ಕೊನಾವ್ಲೆ ಮಾರಿದ. ಆ ದುಡ್ಡು ಎಲ್ಲಿ ಹೋಯಿತು ಅಂತ ಈಗಾಗಲೇ ಸಾಲು ಹಾಕಲು ಕೂತಿದ್ದೇನೆ.