ನೋವು ಹೋಯ್ತು, ಸ್ನಾಯು ವಾಸಿಯಾಯ್ತಾ? ಅಳೆದು ನೋಡುವ ಬಗೆ

"ನೋವು ಹೋಯ್ತು ಮೇಡಂ, ನಾಳೆಯಿಂದ ಓಡ್ಲಾ?" ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವ ಮಕ್ಕಳು ನನ್ನನ್ನು ಕೇಳುವುದೇ ಇದು. ಫಿಸಿಯೋಥೆರಪಿಸ್ಟ್ ಆಗಿ ನನ್ನ ಉತ್ತರ: ನೋವು ಹೋದ ಮೇಲೂ ಸ್ನಾಯು ಒಳಗೆ ಇನ್ನೂ ಹಸಿಯಾಗಿರಬಹುದು. ಬಯೋಇಂಪೆಡೆನ್ಸ್ ಮೀಟರ್ (ಮೈಯೊಳಗೆ ಸಣ್ಣ ಕರೆಂಟ್ ಹರಿಸಿ, ಅದಕ್ಕೆ ಎದುರಾಗುವ ತಡೆಯನ್ನು ಅಳೆಯುವ ಯಂತ್ರ) ಇದ್ದರೆ ಸೂಜಿ ಚುಚ್ಚದೆ ಅದರ ಸುಳಿವು ಸಿಗುತ್ತದೆ.

ಜಿಮ್‌ನಲ್ಲಿ ಕೊಬ್ಬಿನ ಶೇಕಡಾವಾರು ತೋರಿಸುವ ತಕ್ಕಡಿ ಇದಕ್ಕೆ ಆಗುವುದಿಲ್ಲ. ರೆಸಿಸ್ಟೆನ್ಸ್ (ಮೈಯೊಳಗಿನ ದ್ರವ ಕರೆಂಟಿಗೆ ಒಡ್ಡುವ ತಡೆ) ಮತ್ತು ರಿಯಾಕ್ಟೆನ್ಸ್ (ಕೋಶಗಳ ಪೊರೆ ಒಡ್ಡುವ ತಡೆ) ಎರಡನ್ನೂ ಓಮ್‌ನಲ್ಲಿ ಬಿಡಿಬಿಡಿಯಾಗಿ ತೋರಿಸುವ ಮೀಟರ್ ಬೇಕು. ಅದಕ್ಕೆ ನಾಲ್ಕು ಅಂಟುಪಟ್ಟಿಗಳಿರುತ್ತವೆ. ಹೊರಗಿನ ಎರಡು ಪಟ್ಟಿ ಸಾಮಾನ್ಯವಾಗಿ 50 ಕಿಲೋಹರ್ಟ್ಸ್‌ನ, 1 ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್ ಹರಿಸುತ್ತವೆ. ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಒಳಗಿನ ಎರಡು ವೋಲ್ಟೇಜ್ ಅಳೆಯುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಮಾತ್ರ ಇದನ್ನು ಹಚ್ಚಲೇಬೇಡಿ.

ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ನೋಡಬೇಕಾದರೆ, ಓಟ ಮುಗಿದ ಕೂಡಲೇ ಬೇಡ. ಬೆವರು, ಬಿಸಿ ಮೈ, ನೀರಿನ ಕೊರತೆ ಎಲ್ಲವೂ ಅಂಕಿಯನ್ನು ಕೆಡಿಸುತ್ತವೆ. ಬೆಳಿಗ್ಗೆ ಅಭ್ಯಾಸಕ್ಕೆ ಮೊದಲೇ ಅಳೆಯಿರಿ. ಬೋರಲು ಮಲಗಿಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಡಿ. ನೋವು ಕಾಣಿಸಿಕೊಂಡ ಜಾಗ ಒಳಗಿನ ಎರಡು ಪಟ್ಟಿಗಳ ನಡುವೆ ಬರಲಿ, ನಾಲ್ಕೂ ಪಟ್ಟಿ ಸ್ನಾಯುವಿನ ಉದ್ದಕ್ಕೇ ಇರಲಿ. ಮೊಣಕಾಲ ಮಡಿಕೆಯಿಂದ ಪ್ರತಿ ಪಟ್ಟಿಗೂ ಎಷ್ಟು ಸೆಂಟಿಮೀಟರ್ ಅಂತ ಟೇಪಿನಲ್ಲಿ ಅಳೆದು ಬರೆದಿಡಿ. ಪಟ್ಟಿ ಸ್ವಲ್ಪ ಜರುಗಿದರೂ ಅಂಕಿ ಬದಲಾಗುತ್ತದೆ. ಅದಕ್ಕೇ ನಾನು ಈ ಟೇಪಿನ ವಿಷಯದಲ್ಲಿ ಅಷ್ಟು ಹಠ ಹಿಡಿಯುವುದು.

ಆಮೇಲೆ ಚೆನ್ನಾಗಿರುವ ಕಾಲಿನಲ್ಲೂ ಅದೇ ಅಳತೆಗೆ ಅಂಟಿಸಿ ನೋಡಿ. ಪೆಟ್ಟಾದ ಕಡೆ ನೀರು ತುಂಬಿಕೊಂಡರೆ ರೆಸಿಸ್ಟೆನ್ಸ್ ಇಳಿಯುತ್ತದೆ. ಸ್ನಾಯುಕೋಶಗಳ ಪೊರೆ ಹರಿದಿದ್ದರೆ ರಿಯಾಕ್ಟೆನ್ಸ್ ಇಳಿಯುತ್ತದೆ, ಯಾಕೆಂದರೆ ಆ ಪೊರೆಯೇ ಇಲ್ಲಿ ಕೆಪಾಸಿಟರ್, ಅಂದರೆ ವಿದ್ಯುತ್ ಚಾರ್ಜನ್ನು ಹಿಡಿದಿಡುವ ಭಾಗ. ನಾನು ಜಾಸ್ತಿ ಗಮನಿಸುವುದು ಇದನ್ನೇ. ವಾರವಾರಕ್ಕೂ ಅದು ಚೆನ್ನಾಗಿರುವ ಕಾಲಿನ ಮಟ್ಟಕ್ಕೆ ಏರುತ್ತಿದ್ದರೆ ಸ್ನಾಯು ಕೂಡಿಕೊಳ್ಳುತ್ತಿದೆ ಅಂತ ನಂಬಬಹುದು.

ಇಬ್ಬರು ಹುಡುಗರ ಅಂಕಿಗಳನ್ನು ಮಾತ್ರ ಹೋಲಿಸಬೇಡಿ. ಚರ್ಮದ ಕೆಳಗಿನ ಕೊಬ್ಬು ಎಲ್ಲರಿಗೂ ಒಂದೇ ಸಮ ಇರೋದಿಲ್ಲ ಅಲ್ವಾ? ಆದ್ದರಿಂದ ಕೋಚ್‌ಗಳಲ್ಲಿ ನನ್ನದೊಂದು ಕೋರಿಕೆ: ಸೀಸನ್ ಶುರುವಾಗುವ ಮೊದಲೇ, ಪೆಟ್ಟು ಬೀಳುವ ಮೊದಲೇ, ಪ್ರತಿ ಮಗುವಿನ ಎರಡೂ ಕಾಲು ಅಳೆಸಿ ಇಟ್ಟುಕೊಳ್ಳಿ. ಸ್ನಾಯು ಎಷ್ಟು ಆಳಕ್ಕೆ ಹರಿದಿದೆ ಅಂತ ತಿಳಿಯಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕೇ ಬೇಕು. ಮತ್ತೆ ಟ್ರ್ಯಾಕಿಗೆ ಇಳಿಸುವ ಮುನ್ನ ಕಾಲಿನ ಬಲವನ್ನೂ ಪರೀಕ್ಷಿಸಿ.