ಕುದುರೆ ವಿಮೆ: ತಡೆದಿದ್ದ ಕ್ಲೇಮ್ ಕೊನೆಗೂ ಬಂತು

ನಮ್ಮದು ಕುಣಿಗಲ್ ಸ್ಟಡ್ ಫಾರ್ಮಿನ ರೇಸ್ ಕುದುರೆಯಲ್ಲ, ತುಮಕೂರು ಸುತ್ತಮುತ್ತ ಮದುವೆ ಮೆರವಣಿಗೆಗೆ ಹೋಗುತ್ತಿದ್ದ ಹೆಣ್ಣು ಕುದುರೆ. ಹೊಟ್ಟೆಶೂಲೆ ಬಂದು ಸತ್ತಿತು. ಕ್ಲೇಮ್ ಹಾಕಿದರೆ, ಸತ್ತಿದ್ದು ವಿಮೆ ಮಾಡಿದ ಕುದುರೆಯೇ ಅಂತ ಏನು ಗ್ಯಾರಂಟಿ ಅಂದರು ವಿಮಾ ಕಂಪನಿಯವರು. ಪಾಲಿಸಿಯಲ್ಲಿ ಏಜೆಂಟ್ ಬರೆದಿದ್ದು ಬರೀ 'ಕಂದು ಬಣ್ಣ'. ಜಿಲ್ಲೆಯಲ್ಲಿರುವ ಅರ್ಧ ಕುದುರೆಗಳು ಕಂದೇ ಅಲ್ವಾ?

ನಮ್ಮನ್ನು ಕಾಪಾಡಿದ್ದು ಸುಳಿ, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗ. ಹಣೆಯ ಬಿಳಿ ಚುಕ್ಕೆಯ ಮೇಲೊಂದು ಸುಳಿ, ಕತ್ತಿನ ಎಡಕ್ಕೆ ಇನ್ನೊಂದು, ಹಿಂಗಾಲಲ್ಲಿ ಬಿಳಿ ಪಟ್ಟಿ: ಇವೆಲ್ಲ ವಿಮೆ ಮಾಡಿಸುವಾಗ ತೆಗೆದ ಫೋಟೋದಲ್ಲೂ ಇತ್ತು, ಪಶುವೈದ್ಯರು ಮರಣೋತ್ತರ ಪರೀಕ್ಷೆಯ ವರದಿಗೆ ಸೇರಿಸಿದ ಫೋಟೋದಲ್ಲೂ ಇತ್ತು. ಎರಡನ್ನೂ ಪಕ್ಕಪಕ್ಕ ಅಂಟಿಸಿ, ಚಿಕಿತ್ಸೆಯ ಚೀಟಿಗಳ ಜೊತೆ ಕಂಪನಿಯ ದೂರು ಅಧಿಕಾರಿಗೆ ಕಳಿಸಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಐಆರ್‌ಡಿಎಐನ 'ಬಿಮಾ ಭರೋಸಾ' ದೂರು ಪೋರ್ಟಲಿನಲ್ಲೂ ದೂರು ಹಾಕಿದೆ. ಅಲ್ಲೂ ಆಗದಿದ್ದರೆ ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬೇಕು ಅಂತಿದ್ದೆ, ಅಲ್ಲಿ ಫೀಸ್ ಇಲ್ಲ. ಅಷ್ಟರಲ್ಲೇ ದುಡ್ಡು ಬಂತು.

ಈಗಿರುವ ಕುದುರೆಗೆ ಮೈಕ್ರೋಚಿಪ್ (ಮೈಯೊಳಗೆ ಸೇರಿಸುವ ಗುರುತಿನ ಚಿಪ್) ಹಾಕಿಸಿದ್ದೇನೆ. 15 ಅಂಕಿಯ ಆ ನಂಬರ್ ಪಾಲಿಸಿಯಲ್ಲೇ ಇದೆ.

ಇನ್ನೊಂದು ವಿಷಯ. ಸಾವಿಗೆ ಮಾಡಿದ ವಿಮೆ, ಮೆರವಣಿಗೆಯಲ್ಲಿ ಕುದುರೆ ಪಟಾಕಿಗೆ ಬೆದರಿ ಯಾರಿಗಾದರೂ ಒದ್ದರೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಹೊಣೆಗಾರಿಕೆ ವಿಮೆ ಬೇರೆ ಕೇಳಬೇಕು. ಹಾಗೇ ಧನುರ್ವಾಯು ಲಸಿಕೆ ಹಾಕಿಸಿದ ಚೀಟಿ ಎಸೆಯಬೇಡಿ, ನಾನಂತೂ ಮೊಬೈಲಿನಲ್ಲೂ ಒಂದು ಪ್ರತಿ ಇಟ್ಟಿದ್ದೇನೆ.