ನನ್ನ ಅನುಭವ: ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್, ಬ್ಯಾಟರಿ ಮಾತ್ರ ಒಂದೇ

ಉಡುಪಿ, ಬ್ರಹ್ಮಾವರದ ಸುತ್ತಮುತ್ತ ನಡೆಯುವ ಹರಕೆಯ ಯಕ್ಷಗಾನ ಆಟಗಳನ್ನು ರೆಕಾರ್ಡ್ ಮಾಡಿಕೊಡುತ್ತೇನೆ. ಮನೆಗೆ ಬಂದು ಎಡಿಟ್ ಮಾಡಲು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಬಿಡುವಾದರೆ ಗೇಮ್ ಆಡುವ ಆಸೆಯೂ ಉಂಟು; ಹಾಗಾಗಿ ಇಟ್ಟುಕೊಂಡಿರುವುದು ಗೇಮಿಂಗ್ ಲ್ಯಾಪ್‌ಟಾಪ್. ಆದರೆ ಗದ್ದೆಯಲ್ಲಿ ರಂಗಸ್ಥಳ ಹಾಕಿದ ದಿನ ನನಗೆ ಬೇಕಾಗುವುದು ಬ್ಯಾಟರಿ. ರಾತ್ರಿಯಿಡೀ ಅಲ್ಲದ ಕಾಲಮಿತಿಯ ಆಟವೆಂದರೂ ನಾಲ್ಕೈದು ಗಂಟೆ. ಚಾರ್ಜರ್ ಹಾಕಿಕೊಂಡೇ ಮೈಕ್‌ನವರ ಮಿಕ್ಸರಿನಿಂದ ಆಡಿಯೋ ಲೈನ್ ತೆಗೆದರೆ ಎಷ್ಟೋ ಕಡೆ ಚೆಂಡೆ, ಮದ್ದಳೆಯ ಅಡಿಯಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಓಡಿಸಿದರೆ ಆ ಸದ್ದಿಲ್ಲ.

"ಎಂತ ಮಾರಾಯ್ರೆ, ಮಂಗಳ ಹಾಡುವವರೆಗೆ ಬ್ಯಾಟರಿ ಬರ್ತದಾ?" ಎಂದು ಆಟ ಆಡಿಸುವ ಮನೆಯವರು ಕೇಳುತ್ತಾರೆ. ಬರುತ್ತದೆ, ಎನ್‌ವಿಡಿಯಾ ಕಾರ್ಡ್ ಮಲಗಿಯೇ ಇದ್ದರೆ.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಒಳಗೇ ಒಂದು ಗ್ರಾಫಿಕ್ಸ್ ಇರುತ್ತದೆ, ನನ್ನದರಲ್ಲಿ ಇಂಟೆಲ್‌ನದು. ಜೊತೆಗೆ ಎನ್‌ವಿಡಿಯಾದ ಪ್ರತ್ಯೇಕ ಕಾರ್ಡ್. 2010ರಲ್ಲಿ ಬಂದ ಆಪ್ಟಿಮಸ್ ಪದ್ಧತಿಯಲ್ಲಿ ಸ್ಕ್ರೀನಿಗೆ ತಂತಿ ಹೋಗುವುದು ಇಂಟೆಲ್‌ನಿಂದಲೇ. ಗೇಮ್ ತೆರೆದಾಗ ಎನ್‌ವಿಡಿಯಾ ಎದ್ದು ಚಿತ್ರ ತಯಾರಿಸಿ ಇಂಟೆಲ್‌ನ ಕೈಗೆ ಕೊಡುತ್ತದೆ, ಕೆಲಸ ಮುಗಿದ ಮೇಲೆ ಮಲಗಬೇಕು. ಹೈಬ್ರಿಡ್ ಮೋಡ್ ಎನ್ನುವುದು ಇದನ್ನೇ. ಎಲ್ಲ ತಾನಾಗಿಯೇ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನಾನು ಕಂಡ ಹಾಗೆ ಅದು ಮಲಗುವುದಕ್ಕೆ ಬಿಡದ ಪ್ರೋಗ್ರಾಂಗಳೇ ಜಾಸ್ತಿ.

ಎಬ್ಬಿಸುವವರು ಯಾರು ಎಂದು ಹಿಡಿಯಲು ನಾನು ಎರಡು ಕಡೆ ನೋಡುತ್ತೇನೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಆಕ್ಟಿವಿಟಿ ಐಕಾನ್ ಆನ್ ಮಾಡಿದರೆ ಗಡಿಯಾರದ ಪಕ್ಕ ಒಂದು ಚಿಹ್ನೆ ಬರುತ್ತದೆ. ಒತ್ತಿದರೆ ಆ ಹೊತ್ತಿಗೆ ಕಾರ್ಡ್ ಬಳಸುತ್ತಿರುವ ಪ್ರೋಗ್ರಾಂಗಳ ಹೆಸರು. ಇನ್ನೊಂದು, ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಎಂಜಿನ್ ಕಾಲಂ. ನನ್ನಲ್ಲಿ ಜಿಪಿಯು 0 ಎಂದರೆ ಇಂಟೆಲ್, 1 ಎಂದರೆ ಎನ್‌ವಿಡಿಯಾ. ನನ್ನಲ್ಲಿ ಸಿಕ್ಕಿಬಿದ್ದದ್ದು ಓಡಾಡುವ ವಾಲ್‌ಪೇಪರ್, ಕೀಬೋರ್ಡ್ ಲೈಟಿನ ಆ್ಯಪ್ ಮತ್ತು ಬ್ರೌಸರ್. ತಾಪಮಾನ ತೋರಿಸುವ ಪ್ರೋಗ್ರಾಂ ಕೂಡ ಕ್ಷಣಕ್ಷಣಕ್ಕೂ ಕಾರ್ಡನ್ನು ವಿಚಾರಿಸಿ ಅದನ್ನು ಎಚ್ಚರದಲ್ಲೇ ಇಡುತ್ತದೆ. ಹಾಗಾಗಿ ಅದರಲ್ಲಿ ಎನ್‌ವಿಡಿಯಾ ಸೆನ್ಸರ್‌ಗಳನ್ನು ಆಫ್ ಮಾಡಿ, ಬ್ಯಾಟರಿಯಿಂದ ಎಷ್ಟು ವಾಟ್ ಹೋಗುತ್ತಿದೆ ಎಂಬುದನ್ನಷ್ಟೇ ನೋಡುತ್ತೇನೆ. ಸುಮ್ಮನೆ ಎಚ್ಚರವಿದ್ದ ಕಾರ್ಡ್ ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ವಾಟ್ ಆಸುಪಾಸು ತಿನ್ನುತ್ತದೆ. ಬ್ಯಾಟರಿ ಇರುವುದೇ 90 ವಾಟ್-ಅವರ್. ಪ್ರಸಂಗ ಅರ್ಧದಲ್ಲಿ ಉಳಿಯಲು ಅಷ್ಟು ಸಾಕು.

ಅಂಥ ಪ್ರೋಗ್ರಾಂಗಳಿಗೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ಪವರ್ ಸೇವಿಂಗ್ ಎಂದು ಗೊತ್ತುಮಾಡಿದ್ದೇನೆ, ಎಡಿಟಿಂಗಿನದಕ್ಕೆ ಹೈ ಪರ್ಫಾರ್ಮೆನ್ಸ್. ದಿನನಿತ್ಯಕ್ಕೆ ಇದು ಸಾಕು. ಆಟಕ್ಕೆ ಹೊರಡುವ ದಿನ ಮಾತ್ರ ಲ್ಯಾಪ್‌ಟಾಪ್ ಕಂಪನಿಯ ಆ್ಯಪಿನಲ್ಲಿ ಇಂಟೆಲ್ ಮಾತ್ರ ಎಂಬ ಮೋಡ್ ಹಾಕಿ ಎನ್‌ವಿಡಿಯಾವನ್ನು ಪೂರ್ತಿ ಬಂದ್ ಮಾಡುತ್ತೇನೆ. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹೆಸರೂ ಕಾಣುವುದಿಲ್ಲ.

ಹಾಗಾದರೆ ರೆಕಾರ್ಡಿಂಗ್? ವೀಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಇಂಟೆಲ್‌ನ ಕ್ವಿಕ್ ಸಿಂಕ್ ಎನ್‌ಕೋಡರ್ ಇದೆ. ಒಬಿಎಸ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಂನಲ್ಲಿ ಅದನ್ನು ಆರಿಸಿ, ಕ್ಯಾಮೆರಾದಿಂದ ಕ್ಯಾಪ್ಚರ್ ಕಾರ್ಡ್ ಮೂಲಕ ಬರುವ 1080ಪಿ ಚಿತ್ರವನ್ನು ಕೊಟ್ಟರೆ ಪ್ರೊಸೆಸರ್‌ಗೆ ಹೆಚ್ಚಿನ ಭಾರವೇ ಬೀಳುವುದಿಲ್ಲ. ಕಿರೀಟದ ಮಿಣುಕು, ಗಿರಕಿ ಹೊಡೆಯುವ ಧೀಂಗಿಣದ ವೇಗ, ಎರಡೂ ಕದಡದೆ ಬರುತ್ತವೆ. ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) ಮಾತ್ರ ಧಾರಾಳವಾಗಿ ಕೊಡಬೇಕು. ಸ್ಕ್ರೀನನ್ನು 60 ಹರ್ಟ್ಸ್‌ಗೆ ಇಳಿಸಿ ಬೆಳಕೂ ತಗ್ಗಿಸುತ್ತೇನೆ.

ಒಂದು ವಿಷಯ ಮೊದಲೇ ತಿಳಿದಿರಬೇಕು. ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್‌ವಿಡಿಯಾಕ್ಕೆ ಜೋಡಿಸಿರುತ್ತದೆ. ಅಲ್ಲಿ ಮಾನಿಟರ್ ಚುಚ್ಚಿದರೆ ಹೈಬ್ರಿಡ್‌ನಲ್ಲಿ ಕಾರ್ಡ್ ಎದ್ದೇ ಇರುತ್ತದೆ, ಇಂಟೆಲ್ ಮಾತ್ರ ಮೋಡಿನಲ್ಲಿ ಮಾನಿಟರಿಗೆ ಚಿತ್ರವೇ ಬರುವುದಿಲ್ಲ. ಮಾನಿಟರ್ ಜೋಡಿಸಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ (PhysX) ಪುಟ ತೆರೆದರೆ ಯಾವ ಸ್ಕ್ರೀನ್ ಯಾವ ಚಿಪ್ಪಿಗೆ ಹೋಗಿದೆ ಎಂದು ಚಿತ್ರ ಸಮೇತ ತೋರಿಸುತ್ತದೆ. ನನ್ನದರಲ್ಲಿ ಟೈಪ್-ಸಿ ಇಂಟೆಲ್‌ಗೆ ಹೋಗುತ್ತದೆ, ಗದ್ದೆಯಲ್ಲಿ ಪ್ರಿವ್ಯೂ ಮಾನಿಟರ್ ಅಲ್ಲಿಗೇ.

ಮನೆಯಲ್ಲಿ ಚಾರ್ಜರ್ ಹಾಕಿ ಗೇಮ್ ಆಡುವಾಗ ಸ್ಕ್ರೀನ್ ಯಾವ ಚಿಪ್ಪಿಗೆ ಎಂದು ಆರಿಸುವ ಮಕ್ಸ್ ಸ್ವಿಚ್ ಬದಲಿಸಿ ಸ್ಕ್ರೀನನ್ನು ನೇರ ಎನ್‌ವಿಡಿಯಾಕ್ಕೇ ಕೊಡುತ್ತೇನೆ. ಚಿತ್ರ ಇಂಟೆಲ್ ದಾರಿಯಾಗಿ ಸುತ್ತುವುದು ತಪ್ಪಿ, ವೇಗದ ಗೇಮ್‌ಗಳಲ್ಲಿ ಫ್ರೇಮ್‌ರೇಟ್ ಏರುವುದು ಗೊತ್ತಾಗುತ್ತದೆ. ಇದಕ್ಕೆ ರೀಸ್ಟಾರ್ಟ್ ಬೇಕು. 2020ರಿಂದ ಬಂದ ಅಡ್ವಾನ್ಸ್‌ಡ್ ಆಪ್ಟಿಮಸ್ ಇರುವ ಮಾಡೆಲ್‌ಗಳಲ್ಲಿ ಬೇಡ. ವಿಂಡೋಸ್‌ಗೂ ಮೊದಲು ತೆರೆಯುವ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಬದಲಿಸುವವರು ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ, ರೀಸ್ಟಾರ್ಟ್ ಆಗುವಾಗ ವಿಂಡೋಸ್ ಅದನ್ನು ಕೇಳುವುದುಂಟು.